ನಾಲ್ಕಾರು ಕುಂಡ ಇಟ್ಟುಕೊಂಡು ತೋಟದ ಬರಹಕ್ಕೆ ಇಳಿದ ಕಥೆ: ನನ್ನ ಅನುಭವ

ತೋಟದ ಬಗ್ಗೆ ಬರೆದು ಸಂಭಾವನೆ ಪಡೆಯಲು ಎಕರೆಗಟ್ಟಲೆ ಜಾಗ ಬೇಕಿಲ್ಲ, ಕೃಷಿ ಪದವಿ ಬೇಕಿಲ್ಲ, ಇಪ್ಪತ್ತು ವರ್ಷದ ಅನುಭವವೂ ಬೇಕಿಲ್ಲ. ಒಂದು ಗಿಡ, ಅದಕ್ಕೆ ಬಂದ ಒಂದು ತೊಂದರೆ, ದಿನಾಂಕ ಹಾಕಿ ಬರೆದಿಟ್ಟ ಒಂದಿಷ್ಟು ಲೆಕ್ಕ ಸಾಕು. ನಾನು ಇಷ್ಟನ್ನೇ ಹಿಡಿದುಕೊಂಡು ಹೋದೆ, ಇವತ್ತು ಎರಡು ಕಡೆ ಅಂಕಣ ನಡೆಯುತ್ತಿದೆ. ಇದು ಆಗುತ್ತದೆ ಅಂತ ನಾನು ಹೇಳಿದಾಗ ನಂಬಿದವರು ಒಬ್ಬರೂ ಇರಲಿಲ್ಲ. ಈಗ ಅವರಲ್ಲೇ ಇಬ್ಬರು "ಹೇಗೆ ಮಾಡಿದೆ, ಬರೆದುಕೊಡು" ಎಂದು ಕೇಳಿದ್ದಾರೆ. ಅದಕ್ಕೇ ಈ ಬರಹ. ಕುಂಡ, ಮಣ್ಣು, ಗೊಬ್ಬರದ ವಿಷಯ ನಿಮಗೆ ಗೊತ್ತೇ ಇರುತ್ತದೆ ಅಂದುಕೊಂಡು ಮುಂದೆ ಹೋಗುತ್ತೇನೆ.

ಗಿಡ ಬೆಳೆಸುವುದರಲ್ಲಿ ಪಳಗಿದ ಹಿರಿಯರೊಬ್ಬರು ಅವತ್ತು ಹೇಳಿದ್ದು ಹೀಗೆ: "ನೋಡಮ್ಮ, ಮೊದಲು ಹತ್ತು ವರ್ಷ ಗಿಡದ ಜತೆ ಬಾಳು. ಆಮೇಲೆ ಬರಿ. ಈಗ ಬರೆದರೆ ಯಾರು ಓದ್ತಾರೆ?" ಬರೆಯುವ ಗೆಳತಿ ಇನ್ನೊಂದು ಕಡೆಯಿಂದ, "ಓದೋದಿರಲಿ, ದುಡ್ಡು ಯಾರು ಕೊಡ್ತಾರೆ?" ಎಂದಳು. ಎರಡೂ ನ್ಯಾಯವಾದ ಪ್ರಶ್ನೆಗಳೇ. ಮೊದಲ ಒಂದು ವರ್ಷ ನನ್ನ ಬಳಿ ಎರಡಕ್ಕೂ ಉತ್ತರ ಇರಲಿಲ್ಲ.

ಆ ವರ್ಷ ಕಳಿಸಿದ್ದೆಲ್ಲ ವಾಪಸ್ ಬಂತು, ಇಲ್ಲವೇ ಉತ್ತರವೇ ಬರಲಿಲ್ಲ. ಮೂವತ್ತರ ಹತ್ತಿರ ಲೇಖನ ಕಳಿಸಿರಬೇಕು. ಅಚ್ಚಾದದ್ದು ಎರಡೋ ಮೂರೋ, ಅವೂ ಬಿಟ್ಟಿ. ಹಳೆಯ ಫೈಲ್ ತೆರೆದು ನೋಡಿದರೆ ಕಾರಣ ತಲೆಬರಹದಲ್ಲೇ ಕಾಣುತ್ತದೆ. 'ಮನೆಯಲ್ಲೇ ಟೊಮೆಟೊ ಬೆಳೆಯುವುದು ಹೇಗೆ', 'ಗುಲಾಬಿ ಆರೈಕೆಯ ಸಂಪೂರ್ಣ ಮಾಹಿತಿ', 'ಒಳಾಂಗಣ ಗಿಡಗಳು: ಒಂದು ಪರಿಚಯ'. ಇಂಥ ಲೇಖನ ಪ್ರತಿ ಸಂಪಾದಕರ ಮೇಜಿನ ಮೇಲೂ ರಾಶಿ ಬಿದ್ದಿರುತ್ತದೆ. ಅದನ್ನು ಬರೆಯಲು ಹೊಸಬರೇ ಆಗಬೇಕೆಂದಿಲ್ಲ, ಮೂವತ್ತು ವರ್ಷದ ಅನುಭವಿಗಳು ನಮಗಿಂತ ಚೆನ್ನಾಗಿ ಬರೆಯುತ್ತಾರೆ. ಬಿಸಿಲು ಆರು ಗಂಟೆ ಬೇಕು, ನೀರು ನಿಲ್ಲಬಾರದು, ವಾರಕ್ಕೊಮ್ಮೆ ಗೊಬ್ಬರ ಕೊಡಿ ಎಂದು ಎಲ್ಲರಿಗೂ ಗೊತ್ತಿರುವುದನ್ನು ಮತ್ತೊಮ್ಮೆ ಹೇಳಿ ದುಡ್ಡು ಕೇಳಿದರೆ ಯಾರೂ ಕೊಡುವುದಿಲ್ಲ.

ಆಮೇಲೆ ಇನ್ನೊಂದು ದಾರಿ ನೋಡಿದೆ. ಪರಿಣತರನ್ನು ಮಾತಾಡಿಸಿ ಸಂದರ್ಶನ ಬರೆಯುವುದು. ಇದನ್ನು ಬಹಳ ಜನ ಹೊಸಬರಿಗೆ ಸಲಹೆ ಕೊಡುತ್ತಾರೆ. ನನಗೆ ಇದು ದುಬಾರಿ ಬಿತ್ತು. ಒಂದೊಂದಕ್ಕೂ ಓಡಾಟ, ಅರ್ಧ ದಿನ, ಮಾತು ಬರೆದುಕೊಳ್ಳಲು ಇನ್ನೊಂದು ದಿನ. ಕೊನೆಗೆ ಸಂಪಾದಕರು "ನೇರವಾಗಿ ಅವರ ಕೈಲೇ ಬರೆಸ್ತೀವಿ ಬಿಡಿ" ಎಂದು ನನ್ನಿಂದಲೇ ಫೋನ್ ನಂಬರ್ ತೆಗೆದುಕೊಂಡರು. ಹೀಗೆ ಆದ ಮೇಲೆ ಆ ದಾರಿ ಬಿಟ್ಟೆ.

ಬದಲಾವಣೆ ಬಂದದ್ದು ನೋಟ್‌ಬುಕ್‌ನಿಂದ. ಶುರುವಿನಿಂದಲೂ ಗಿಡಗಳ ಲೆಕ್ಕ ಬರೆಯುತ್ತಿದ್ದೆ. ಬಿತ್ತಿದ ದಿನ, ಮೊಳಕೆ ಬಂದ ದಿನ, ಎಷ್ಟು ಬೀಜದಲ್ಲಿ ಎಷ್ಟು ಬಂತು, ನೀರು ಹಾಕಿದ್ದು, ಹುಳ ಕಂಡದ್ದು. ಅದು ನನ್ನ ಉಪಯೋಗಕ್ಕೆ ಬರೆದದ್ದು, ಲೇಖನಕ್ಕೆ ಬೇಕಾಗುತ್ತದೆ ಎಂಬ ಯೋಚನೆಯೇ ಇರಲಿಲ್ಲ. ಇಂಗ್ಲೆಂಡಿನ ಸೆಲ್ಬೋರ್ನ್ ಹಳ್ಳಿಯ ಪಾದ್ರಿ ಗಿಲ್ಬರ್ಟ್ ವೈಟ್ 1751ರಿಂದ ತನ್ನ ತೋಟದ ದಿನಚರಿ ಬರೆದಿಟ್ಟದ್ದು ನಿಮ್ಮಲ್ಲಿ ಕೆಲವರಿಗೆ ಗೊತ್ತಿರುತ್ತದೆ. ಯಾವ ದಿನ ಏನು ಬಿತ್ತಿದ, ಸೌತೆ, ಕರಬೂಜ ಬೆಳೆಯಲು ಗೊಬ್ಬರದ ಶಾಖದಿಂದ ಬೆಚ್ಚಗಿಡುವ ಮಡಿಗೆ ಎಷ್ಟು ಗಾಡಿ ಗೊಬ್ಬರ ಬಂತು ಎಂಬಂಥ ಒಣ ಟಿಪ್ಪಣಿಗಳವು. ಇಷ್ಟು ವರ್ಷಗಳ ಮೇಲೂ ಜನ ಅವನ್ನು ಓದುತ್ತಾರೆ, ಯಾಕೆಂದರೆ ಅವು ಯಾವ ಕೈಪಿಡಿಯಿಂದಲೂ ಎತ್ತಿದ್ದಲ್ಲ, ಒಬ್ಬ ಮನುಷ್ಯ ಒಂದು ಜಾಗದಲ್ಲಿ ಕಣ್ಣಾರೆ ಕಂಡದ್ದು. ನನ್ನ ನೋಟ್‌ಬುಕ್ಕಿನಲ್ಲೂ ಬೇರೆ ಯಾರ ಬಳಿಯೂ ಇಲ್ಲದ ಸರಕು ಇದೆ ಎಂದು ಹೊಳೆದದ್ದು ಆಗ.

ನೋಟ್‌ಬುಕ್ಕಿನಲ್ಲಿ ಆರು ಕಾಲಂ ಹಾಕುತ್ತೇನೆ. ದಿನಾಂಕ, ಗಿಡ, ಮಾಡಿದ್ದು, ಕಂಡದ್ದು, ಫೋಟೊ ನಂಬರ್. ಆರನೆಯದು ಏನೆಂದು ಇಲ್ಲಿ ಹೇಳುವುದಿಲ್ಲ. ನನ್ನ ಅರ್ಧಕ್ಕರ್ಧ ಲೇಖನಗಳು ಆ ಕಾಲಂನಿಂದಲೇ ಹುಟ್ಟುತ್ತವೆ. ಉಳಿದ ಐದನ್ನು ಒಂದು ಹಂಗಾಮು ಬಿಡದೆ ತುಂಬಿಸಿ ನೋಡಿ, ಆರನೆಯದು ತಾನಾಗಿಯೇ ಗೊತ್ತಾಗುತ್ತದೆ.

ಮೊದಲು ದುಡ್ಡು ತಂದ ಲೇಖನ ಕುಂಡದ ತಳದ ಜಲ್ಲಿಯ ಬಗ್ಗೆ. ನೀರು ಚೆನ್ನಾಗಿ ಬಸಿಯಲಿ ಎಂದು ತಳದಲ್ಲಿ ಎರಡಿಂಚು ಜಲ್ಲಿ ಅಥವಾ ಒಡೆದ ಹೆಂಚು ಹಾಕಿ ಎಂದು ಎಲ್ಲರೂ ಹೇಳುತ್ತಾರೆ. ನಾನು ಹಾಗೇ ಮಾಡಿದ ಕುಂಡಗಳಲ್ಲೇ ಬೇರು ಕೊಳೆಯುತ್ತಿತ್ತು, ಜಲ್ಲಿ ಇಲ್ಲದ ಕುಂಡದ ಗಿಡ ನಗುನಗುತ್ತಾ ಇತ್ತು. ನೋಟ್‌ಬುಕ್‌ನಲ್ಲಿ ಇದು ಮತ್ತೆ ಮತ್ತೆ ಕಂಡಾಗ ಪರೀಕ್ಷೆ ಮಾಡೋಣ ಎನಿಸಿತು.

ಲೀಟರಿನ ಎರಡು ಪಾರದರ್ಶಕ ಬಾಟಲಿ ತೆಗೆದುಕೊಂಡು ಕತ್ತು ಕತ್ತರಿಸಿದೆ. ಕಾಯಿಸಿದ ಮೊಳೆಯಿಂದ ಎರಡರ ತಳಕ್ಕೂ ಅಷ್ಟಷ್ಟೇ ತೂತು. ಒಂದಕ್ಕೆ ತಳದಲ್ಲಿ ಎರಡಿಂಚು ಜಲ್ಲಿ, ಅದರ ಮೇಲೆ ಪಾಟಿಂಗ್ ಮಿಕ್ಸ್, ಅಂದರೆ ಕುಂಡಕ್ಕೆ ತುಂಬುವ ಮಣ್ಣಿನ ಮಿಶ್ರಣ. ಇನ್ನೊಂದಕ್ಕೆ ಬರೀ ಮಿಕ್ಸ್, ಮೇಲಿನ ಮಟ್ಟ ಎರಡರಲ್ಲೂ ಒಂದೇ. ತಳದಿಂದ ಸುರಿಯುವಷ್ಟು ನೀರು ಹಾಕಿ, ಹನಿ ನಿಲ್ಲುವವರೆಗೆ ಬಿಟ್ಟೆ. ಒಂದೆರಡು ಗಂಟೆ ಬಿಟ್ಟು ನೋಡಿದರೆ ಬಾಟಲಿಯ ಗೋಡೆಯ ಹೊರಗಿನಿಂದಲೇ ಎಲ್ಲ ಕಾಣುತ್ತಿತ್ತು. ಜಲ್ಲಿ ಇಲ್ಲದ ಬಾಟಲಿಯಲ್ಲಿ ತಳದಿಂದ ಸುಮಾರು ಎರಡು ಬೆರಳಷ್ಟು ಎತ್ತರಕ್ಕೆ ಮಣ್ಣು ಕಪ್ಪಗೆ, ನೀರು ಕುಡಿದು ಹೊಳೆಯುತ್ತಿತ್ತು. ಅದರ ಮೇಲೆ ಬಣ್ಣ ತಿಳಿಯಾಗುತ್ತ ಹೋಗಿತ್ತು. ಜಲ್ಲಿ ಇದ್ದ ಬಾಟಲಿಯಲ್ಲೂ ಅದೇ ಎರಡು ಬೆರಳಿನ ಕಪ್ಪು ಪಟ್ಟಿ ಇತ್ತು, ಆದರೆ ತಳದಲ್ಲಿರಲಿಲ್ಲ, ಜಲ್ಲಿಯ ನೆತ್ತಿಯ ಮೇಲೆ ಕೂತಿತ್ತು. ಕೆಳಗೆ ಕಲ್ಲುಗಳ ನಡುವೆ ಬರೀ ಗಾಳಿ. ಮಣ್ಣು ಪೂರ್ತಿ ತೊಯ್ದು ತುಂಬುವವರೆಗೆ ನೀರು ಆ ಕಲ್ಲಿನ ಸಂದಿಗೆ ಇಳಿಯುವುದೇ ಇಲ್ಲ. ಅಂದರೆ ಬಸಿಯುವುದು ಹೆಚ್ಚಾಗಲಿಲ್ಲ, ಬೇರಿಗೆ ಸಿಗುವ ಒಳ್ಳೆಯ ಮಣ್ಣು ಮಾತ್ರ ಎರಡಿಂಚು ಕಡಿಮೆಯಾಯಿತು.

ಹನಿ ಪೂರ್ತಿ ನಿಂತಿದ್ದ ಬಾಟಲಿಯನ್ನು ಸುಮ್ಮನೆ ಎತ್ತಿ ಓರೆಯಾಗಿ ಹಿಡಿದೆ. ಟಪಟಪ ಮತ್ತೆ ನೀರು ಬಿತ್ತು! ಓರೆ ಮಾಡಿದಾಗ ತಳದ ಮೂಲೆಯಿಂದ ಮೇಲಿನ ಮೂಲೆಗೆ ಮಣ್ಣಿನ ಎತ್ತರ ಹೆಚ್ಚುತ್ತದೆ, ಎತ್ತರ ಹೆಚ್ಚಿದಷ್ಟೂ ನಿಂತ ನೀರು ಇಳಿಯುತ್ತದೆ. ಅವತ್ತಿನಿಂದ ಸಸಿ ಟ್ರೇಗಳಿಗೆ ನೀರು ಹಾಕಿದ ಮೇಲೆ ಒಂದು ನಿಮಿಷ ಓರೆಯಾಗಿ ಹಿಡಿದೇ ಇಡುತ್ತೇನೆ. ಸಸಿ ಕೊಳೆ ರೋಗ ಕಣ್ಣಿಗೆ ಕಾಣುವಷ್ಟು ಕಡಿಮೆಯಾಗಿದೆ.

ಇದರ ವಿಜ್ಞಾನ ಮಣ್ಣಿನ ಬಗ್ಗೆ ಓದಿದವರಿಗೆ ಬಹಳ ಹಳೆಯದು, ನಾನು ಕಂಡುಹಿಡಿದದ್ದೇನೂ ಅಲ್ಲ. ಆದರೆ ಎರಡು ಬಾಟಲಿ ಪಕ್ಕಪಕ್ಕ ಇಟ್ಟ ಫೋಟೊ ನನ್ನದು. ಲೇಖನ ಆರುನೂರು ಪದ ಮೀರಿರಲಿಲ್ಲ. ಮೊದಲ ಸಾಲಿನಲ್ಲೇ 'ಈ ಎರಡು ಬಾಟಲಿಗಳನ್ನು ನೋಡಿ' ಎಂದು ಬರೆದಿದ್ದೆ. ಕಳಿಸಿದ ಮೂರನೇ ದಿನವೋ ನಾಲ್ಕನೇ ದಿನವೋ ಪುರವಣಿಯ ಸಂಪಾದಕರೇ ಫೋನ್ ಮಾಡಿದರು. "ಮೇಡಂ, ಇದು ನಿಜವಾ? ನಮ್ಮ ಮನೆಯಲ್ಲೂ ಜಲ್ಲಿ ಹಾಕಿದೀವಲ್ಲ" ಎಂದರು. ನೀವೇ ಮಾಡಿ ನೋಡಿ ಸಾರ್ ಎಂದೆ. ಮಾಡಿ ನೋಡಿದರಂತೆ, ಮುಂದಿನ ವಾರ ಲೇಖನ ಬಂತು. ಹಿಂದಿನ ಲೇಖನಗಳಿಗೆ ಒಂದೂ ಬಾರದಿದ್ದ ಓದುಗರ ಪತ್ರ ಇದಕ್ಕೆ ಐವತ್ತರ ಹತ್ತಿರ ಬಂತು, ಅರ್ಧ ಜಗಳದ ಪತ್ರಗಳು. ಸಂಪಾದಕರಿಗೆ ಅದು ಖುಷಿ. "ಇಂಥದ್ದು ಇನ್ನೇನಿದೆ?" ಎಂದು ಕೇಳಿದರು. ಆ ಪ್ರಶ್ನೆ ಬಂದ ದಿನವೇ ನಾನು ಲೇಖಕಿಯಾದೆ ಎಂದು ನನ್ನ ಲೆಕ್ಕ.

ಹತ್ತು ವರ್ಷ ಕಾಯಬೇಕು ಎಂದ ಹಿರಿಯರಿಗೆ ನಾನು ಕೊಡುವ ಉತ್ತರ ಇಂಗ್ಲೆಂಡಿನ ಲೇಖಕಿ ಜೇನ್ ಲೌಡನ್. 1830ರಲ್ಲಿ ಆಕೆ ಜಾನ್ ಲೌಡನ್ ಅವರನ್ನು ಮದುವೆಯಾದಾಗ ಗಿಡಗಳ ಬಗ್ಗೆ ಏನೂ ಗೊತ್ತಿರಲಿಲ್ಲ, ಕಾದಂಬರಿ ಬರೆಯುತ್ತಿದ್ದವರು. ಗಂಡನೋ 1826ರಿಂದಲೇ ತೋಟಗಾರರಿಗಾಗಿ ಪತ್ರಿಕೆ ನಡೆಸುತ್ತಿದ್ದ ದೊಡ್ಡ ವಿದ್ವಾಂಸ. ಹತ್ತು ವರ್ಷದ ಮೇಲೆ, 1840ರಲ್ಲಿ, ಹೆಣ್ಣುಮಕ್ಕಳಿಗಾಗಿ ತೋಟಗಾರಿಕೆಯ ಪುಸ್ತಕ ಬರೆದದ್ದು ಆಕೆ, ಅದು ಚೆನ್ನಾಗಿ ಮಾರಾಟವಾಯಿತು. ಹುಟ್ಟಿದಾಗಿನಿಂದ ವಿಷಯ ಗೊತ್ತಿದ್ದವರಿಗೆ ಏನೂ ಗೊತ್ತಿಲ್ಲದವರ ಸ್ಥಿತಿ ಊಹಿಸುವುದು ಬಹಳ ಕಷ್ಟ, ತಾನು ಇತ್ತೀಚೆಗೆ ಕಲಿತವಳಾದ್ದರಿಂದ ಕಲಿಯುವವರ ತೊಡಕು ಗೊತ್ತು ಎಂಬರ್ಥದ ಮಾತನ್ನು ಆಕೆ ಮುನ್ನುಡಿಯಲ್ಲೇ ಹೇಳಿದ್ದಾರೆ. ಅವರೂ ಹತ್ತು ವರ್ಷ ತೆಗೆದುಕೊಂಡರಲ್ಲ ಎಂದು ಹಿರಿಯರು ವಾದಿಸಬಹುದು. ನಾನು ನೋಡುವುದು ಆಕೆ ಕಲಿಯುತ್ತ ಇದ್ದಾಗಿನ ತೊಡಕುಗಳನ್ನೇ ಸರಕು ಮಾಡಿಕೊಂಡದ್ದನ್ನು. ಇಪ್ಪತ್ತನೆಯ ಶತಮಾನಕ್ಕೆ ಬಂದರೂ ಅಷ್ಟೇ. 1961ರವರೆಗೆ ಲಂಡನ್ನಿನ 'ಅಬ್ಸರ್ವರ್' ಪತ್ರಿಕೆಗೆ ತೋಟದ ಅಂಕಣ ಬರೆದು ಮನೆಮಾತಾದ ವೀಟಾ ಸ್ಯಾಕ್‌ವಿಲ್-ವೆಸ್ಟ್ ಕವಿ, ಕಾದಂಬರಿಗಾರ್ತಿ. ತೋಟಗಾರಿಕೆಯ ಪದವಿ ಅವರ ಬಳಿಯೂ ಇರಲಿಲ್ಲ, ತನ್ನ ತೋಟದಲ್ಲಿ ತಾನು ಮಾಡಿದ್ದನ್ನೇ ಬರೆದರು.

ಹೊಸಬರಿಗೆ ಯಾರೂ ಹೇಳದ, ನನ್ನನ್ನು ಬಹಳ ಕಾಡಿದ ವಿಷಯ ಸಮಯ. ಗಿಡದಲ್ಲಿ ಹೂ ಬಂದಾಗ ಹೂವಿನ ಬಗ್ಗೆ ಬರೆದು ಕಳಿಸಿದರೆ ಅದು ಅಚ್ಚಿಗೆ ಬರುವ ಹೊತ್ತಿಗೆ ಹೂ ಉದುರಿ, ಕಾಯಿಯಾಗಿ, ಕಾಯಿಯೂ ಒಣಗಿರುತ್ತದೆ. ಮಾಸಪತ್ರಿಕೆಗಳು ಎರಡು ಮೂರು ತಿಂಗಳು ಮುಂಚೆಯೇ ಸಂಚಿಕೆ ಕಟ್ಟುತ್ತವೆ, ಇನ್ನೂ ಮುಂಚೆ ಕಟ್ಟುವವರೂ ಇದ್ದಾರೆ. ದಿನಪತ್ರಿಕೆಯ ಪುರವಣಿಗಾದರೆ ಎರಡು ವಾರ ಸಾಕು. ಬೇಸಿಗೆಯಲ್ಲಿ ಗಿಡ ಬಾಡದಂತೆ ನೋಡಿಕೊಳ್ಳುವ ಲೇಖನವನ್ನು ಚಳಿ ಇರುವಾಗಲೇ ಕಳಿಸಬೇಕು. ಆಗ ಬಾಡಿದ ಗಿಡದ ಫೋಟೊ ಎಲ್ಲಿಂದ ತರುವುದು? ಹೋದ ಬೇಸಿಗೆಯಲ್ಲಿ ತೆಗೆದಿಟ್ಟಿರಬೇಕು. ನನ್ನ ಎರಡನೇ ವರ್ಷ ಮೊದಲನೆಯದಕ್ಕಿಂತ ಸುಲಭವಾಗಿದ್ದರೆ ಅದಕ್ಕೆ ಮುಖ್ಯ ಕಾರಣ ಒಂದು ವರ್ಷದ ಫೋಟೊ ದಾಸ್ತಾನು. ಈಗಲೂ ಈ ಹಂಗಾಮಿನಲ್ಲಿ ತೆಗೆಯುವ ಫೋಟೊ ಮುಂದಿನ ವರ್ಷದ ಲೇಖನಕ್ಕೆ. ಹಿಟ್ಟು ತಿಗಣೆ ಹತ್ತಿದರೆ ಮೊದಲು ಫೋಟೊ, ಆಮೇಲೆ ಔಷಧ. ಎಲೆ ಹಳದಿಯಾದರೆ ದಿನಕ್ಕೊಂದು ಫೋಟೊ, ಒಂದೇ ಜಾಗದಿಂದ, ಒಂದೇ ಹೊತ್ತಿನ ಬೆಳಕಿನಲ್ಲಿ. ಪಕ್ಕದಲ್ಲಿ ಅಳತೆಪಟ್ಟಿ ಇಟ್ಟರೆ ಇನ್ನೂ ಒಳ್ಳೆಯದು. ಚಂದದ ಹೂವಿನ ಫೋಟೊ ಎಲ್ಲ ಕಡೆ ಸಿಗುತ್ತದೆ. ರೋಗ ಬಂದ ಎಲೆಯ, ಕೊಳೆತ ಬೇರಿನ, ಅರ್ಧ ಮೊಳೆತ ಬೀಜದ ಸ್ಪಷ್ಟ ಫೋಟೊಗೆ ಸಂಪಾದಕರು ಬೇರೆಯೇ ದುಡ್ಡು ಕೊಡುತ್ತಾರೆ.

ಈಗ ದುಡ್ಡಿನ ಮಾತು. ಇದನ್ನು ಎಲ್ಲರೂ ಮುಚ್ಚಿಡುತ್ತಾರೆ, ಅದರಿಂದ ಹೊಸಬರಿಗೇ ನಷ್ಟ. ಮೊದಲ ಸಂಭಾವನೆಯಲ್ಲಿ ಒಂದು ಚೀಲ ಪಾಟಿಂಗ್ ಮಿಕ್ಸ್ ಬಂತು, ಎರಡನೆಯ ಚೀಲಕ್ಕೆ ಬೇಕಾದ ದುಡ್ಡಿನಲ್ಲಿ ಅರ್ಧ ಉಳಿಯಿತು. ನೆನಪಿನಿಂದ ಹೇಳುವುದಾದರೆ, ಮೊದಲ ವರ್ಷ ಗಿಡ, ಕುಂಡ, ಮಣ್ಣಿಗೆ ಸುರಿದದ್ದರಲ್ಲಿ ಹತ್ತನೇ ಒಂದು ಭಾಗವೂ ಬರಹದಿಂದ ವಾಪಸ್ ಬರಲಿಲ್ಲ. ಎರಡನೇ ವರ್ಷ ಖರ್ಚು-ಆದಾಯ ಹೆಚ್ಚುಕಡಿಮೆ ಸಮ. ಮೂರನೇ ವರ್ಷ ಖರ್ಚಿನ ಮೂರು ಪಟ್ಟು ಬಂತು. ಬರೀ ಇದನ್ನೇ ನಂಬಿ ಬದುಕುವಷ್ಟಲ್ಲ, ಆದರೆ ತೋಟ ತನ್ನ ಖರ್ಚನ್ನು ತಾನೇ ತೂಗಿಸಿಕೊಂಡು ನನಗೂ ಒಂದಿಷ್ಟು ಕೊಡುತ್ತದೆ.

ಬಿಟ್ಟಿ ಬರೆಯುವುದಕ್ಕೆ ಒಂದು ಮಿತಿ ಹಾಕಿಕೊಳ್ಳಿ. ತೋರಿಸಲು ನಾಲ್ಕೈದು ಅಚ್ಚಾದ ಲೇಖನ ಬೇಕು, ಅಷ್ಟು ಸಿಕ್ಕ ಮೇಲೆ ನಿಲ್ಲಿಸಿ. ನಾನು ಬಿಟ್ಟಿ ನಿಲ್ಲಿಸುತ್ತೇನೆ ಎಂದಾಗ ಒಂದು ಪತ್ರಿಕೆಯವರು "ಹೆಸರು ಬರುತ್ತಲ್ಲ ಮೇಡಂ" ಎಂದರು. ನಯವಾಗಿಯೇ ಬೇಡ ಎಂದೆ. ಆರು ತಿಂಗಳ ಮೇಲೆ ಅವರೇ ದರ ಹೇಳಿ ಕೇಳಿದರು. ಇನ್ನೊಂದು ಕಡೆ ಲೇಖನ ಬಂದು ವರ್ಷ ಕಳೆದರೂ ದುಡ್ಡು ಬರಲಿಲ್ಲ, ಕೇಳಿದಾಗಲೆಲ್ಲ "ಅಕೌಂಟ್ಸ್‌ಗೆ ಕಳಿಸಿದೀವಿ" ಎಂಬ ಒಂದೇ ಮಾತು. ಅದು ಕೊನೆಗೂ ಬರಲಿಲ್ಲ. ಅದಾದ ಮೇಲೆ ಲೇಖನ ಒಪ್ಪಿದ ಕೂಡಲೇ ಮೂರು ವಿಷಯ ಬರಹದಲ್ಲಿ ಕೇಳುತ್ತೇನೆ: ಎಷ್ಟು, ಒಪ್ಪಿದಾಗಲೋ ಅಚ್ಚಾದಾಗಲೋ, ಮತ್ತು ಹಕ್ಕು ಯಾರದು. ಮೂರನೆಯದನ್ನು ಹೊಸಬರು ಕೇಳುವುದೇ ಇಲ್ಲ. ಮೊದಲ ಪ್ರಕಟಣೆಯ ಹಕ್ಕು ಮಾತ್ರ ಕೊಟ್ಟರೆ ಅದೇ ಲೇಖನವನ್ನು ಮುಂದೆ ಇನ್ನೊಂದು ಕಡೆ ಕೊಡಬಹುದು, ಸಂಗ್ರಹಕ್ಕೆ ಸೇರಿಸಬಹುದು. ಜಲ್ಲಿಯ ಲೇಖನ ಒಂದೇ ನನಗೆ ಬೇರೆ ಬೇರೆ ರೂಪದಲ್ಲಿ ಮೂರು ಸಲ ದುಡ್ಡು ತಂದಿದೆ.

ಎಲ್ಲಕ್ಕಿಂತ ಹೆಚ್ಚು ದುಡ್ಡು ಬಂದದ್ದು ಯಾರೂ ಬರಹ ಎಂದು ಎಣಿಸದ ಕೆಲಸದಿಂದ. ನರ್ಸರಿಗಳು ಗಿಡದ ಜತೆ ಒಂದು ಚೀಟಿ ಕೊಡುತ್ತವಲ್ಲ, ಆರೈಕೆ ಹೇಗೆ ಎಂದು? ಹೆಚ್ಚಿನವು ಯಂತ್ರ ಅನುವಾದ ಮಾಡಿದ ಹಾಗಿರುತ್ತವೆ. ಒಂದು ನರ್ಸರಿಗೆ ಹೋಗಿ, ಅವರಲ್ಲಿ ಜನ ಕೊಂಡು ಹದಿನೈದು ದಿನದಲ್ಲಿ ಸಾಯಿಸುವ ಗಿಡಗಳ ಪಟ್ಟಿ ಕೇಳಿದೆ. ಅವರೇ ನಗುತ್ತ ಕೊಟ್ಟರು. ಅವಕ್ಕೆಲ್ಲ ಅರವತ್ತು ಪದದ ಚೀಟಿ ಬರೆದುಕೊಟ್ಟೆ. ಅರವತ್ತು ಪದದಲ್ಲಿ ಒಂದು ಗಿಡ ಬದುಕಿಸುವುದು ಆರುನೂರು ಪದದ ಲೇಖನಕ್ಕಿಂತ ಕಷ್ಟ. 'ಹದವಾಗಿ ನೀರು ಹಾಕಿ' ಎಂದರೆ ಯಾರಿಗೂ ಏನೂ ತಿಳಿಯುವುದಿಲ್ಲ. 'ಬೆರಳನ್ನು ಎರಡು ಗೆಣ್ಣು ಮಣ್ಣಿಗಿಳಿಸಿ, ಒಣಗಿದ್ದರೆ ಮಾತ್ರ ನೀರು' ಎಂದರೆ ತಿಳಿಯುತ್ತದೆ. ಎರಡು ಮೂರು ಚೀಟಿಗೆ ಒಂದು ಲೇಖನದ ಸಂಭಾವನೆಯಷ್ಟು ಸಿಗುತ್ತಿತ್ತು. ನನ್ನ ಭಾಷೆ ಬಿಗಿಯಾದದ್ದೂ ಅಲ್ಲೇ. ನಿಮ್ಮಲ್ಲಿ ಯಾರಾದರೂ ಶುರು ಮಾಡುವುದಾದರೆ ಮೊದಲು ಇಲ್ಲಿಂದ ಶುರು ಮಾಡಿ.

ಬಿಟ್ಟಿ ಮಾಲಿನ ಬಗ್ಗೆಯೂ ಹೇಳಬೇಕು. ಹೆಸರು ಸ್ವಲ್ಪ ಓಡಾಡಿದ ಮೇಲೆ ಗೊಬ್ಬರದ ಕಂಪನಿಯೊಂದು ಚೀಲಗಟ್ಟಲೆ ಕಳಿಸಿ ಹೊಗಳಿ ಬರೆಯಿರಿ ಎಂದಿತು. ಒಂದೇ ತಳಿಯ ಗಿಡದ ಎಂಟು ಕುಂಡಕ್ಕೆ ಪ್ರಯೋಗ ಮಾಡಿದೆ. ನಾಲ್ಕಕ್ಕೆ ಅದು, ನಾಲ್ಕಕ್ಕೆ ಮಾಮೂಲು ಎರೆಗೊಬ್ಬರ. ಹಂಗಾಮು ಮುಗಿದಾಗ ಕಾಯಿಯ ತೂಕದಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಹಾಗೇ ಬರೆಯುತ್ತೇನೆ ಎಂದೆ, ಅವರು ಬೇಡ ಎಂದರು. ನಾನು ಬರೆಯಲಿಲ್ಲ, ಅವರ ಚೀಲ ಆಮೇಲೆ ಬರಲಿಲ್ಲ. ಯಾರಾದರೂ ಬಿಟ್ಟಿ ಕೊಟ್ಟ ಮಾಲಿನ ಬಗ್ಗೆ ಬರೆದರೆ ಬಿಟ್ಟಿ ಬಂದದ್ದೆಂದು ಲೇಖನದಲ್ಲೇ ಹೇಳುತ್ತೇನೆ. ಓದುಗರು ನಮ್ಮ ಮಾತು ಕೇಳಿ ತಮ್ಮ ಗಿಡಕ್ಕೆ ಏನೋ ಹಾಕುತ್ತಾರೆ, ಆ ನಂಬಿಕೆ ಹೋದರೆ ಮತ್ತೆ ಬರುವುದಿಲ್ಲ.

ಹೆಸರುಗಳ ವಿಷಯದಲ್ಲಿ ನಾನು ಬಹಳ ಕಟ್ಟುನಿಟ್ಟು. ಒಂದೇ ಗಿಡಕ್ಕೆ ಊರಿಗೊಂದು ಹೆಸರು, ಒಂದೇ ಹೆಸರಿಗೆ ಮೂರು ಗಿಡ. ತಿನ್ನುವ ಎಲೆ, ಹೂವಿನ ಬಗ್ಗೆ ಬರೆಯುವಾಗ ಇದು ಪ್ರಾಣದ ಪ್ರಶ್ನೆ. ಕಣಗಿಲೆಯ ಎಲೆ, ಹೂವು, ಕಾಂಡ ಎಲ್ಲವೂ ವಿಷ. ಅದನ್ನು ಬೇರೆ ಹೂವೆಂದು ಯಾರಾದರೂ ತಿಳಿದುಕೊಂಡರೆ ಗತಿ? ಅದಕ್ಕೆ ಸಸ್ಯಶಾಸ್ತ್ರೀಯ ಹೆಸರು ಹಾಕದೆ ಲೇಖನ ಕಳಿಸುವುದಿಲ್ಲ. ಆ ಹೆಸರುಗಳೂ ಬದಲಾಗುತ್ತವೆ. ರೋಸ್ಮರಿ ಬಹುಕಾಲ ರೋಸ್ಮರಿನಸ್ ಕುಲದಲ್ಲಿತ್ತು. ಬ್ರಿಟನ್ನಿನ ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿ 2019ರಲ್ಲಿ ಅದನ್ನು ಸಾಲ್ವಿಯಾಗೆ ಸೇರಿಸಿಕೊಂಡಿತು. ಹಾವಿನ ಗಿಡ ಎನ್ನುವ ಸ್ಯಾನ್ಸೆವೇರಿಯಾ ಈಗ ಡ್ರಸೀನಾ. ಲಂಡನ್ನಿನ ಕ್ಯೂ ಸಸ್ಯೋದ್ಯಾನದವರ ಜಾಲತಾಣ 'ಪ್ಲಾಂಟ್ಸ್ ಆಫ್ ದಿ ವರ್ಲ್ಡ್ ಆನ್‌ಲೈನ್'ನಲ್ಲಿ ಹುಡುಕಿದರೆ ಹಳೆಯ ಹೆಸರು, ಈಗಿನ ಹೆಸರು ಎರಡೂ ಸಿಗುತ್ತವೆ, ಪುಕ್ಕಟೆ. ಐದು ನಿಮಿಷದ ಕೆಲಸ. ಒಮ್ಮೆ ಹೀಗೆ ಬದಲಾದ ಹೆಸರಿನ ತಿದ್ದುಪಡಿಯನ್ನು ನಾನೇ ಕಳಿಸಿದ್ದಕ್ಕೆ ಒಂದು ಪತ್ರಿಕೆಯ ಉಪಸಂಪಾದಕರು ಬೇರೆಯವರ ಲೇಖನಗಳನ್ನೂ ಪರಿಶೀಲಿಸಲು ನನಗೇ ಕಳಿಸಲು ಶುರು ಮಾಡಿದರು. ಅದಕ್ಕೂ ದುಡ್ಡು ಬರುತ್ತದೆ.

ಔಷಧಿಯ ಪ್ರಮಾಣ ಬರೆಯುವಾಗಲೂ ಹೀಗೆ. ಬೇವಿನೆಣ್ಣೆ ಲೀಟರ್ ನೀರಿಗೆ 5 ಮಿ.ಲೀ. ಆಸುಪಾಸು, ಬೆರೆಯಲು ಒಂದೆರಡು ಹನಿ ಸೋಪು, ಸಂಜೆ ಹೊತ್ತು ಸಿಂಪರಣೆ. ಬಿಸಿಲಿನಲ್ಲಿ ಹೊಡೆದರೆ ಎಲೆ ಸುಡುತ್ತದೆ, ಔಷಧದ ಸತ್ವವೂ ಬೇಗ ಹೋಗುತ್ತದೆ, ಜೇನುನೊಣಕ್ಕೂ ತೊಂದರೆ. ಕಾರಣ ಹೇಳಿದರೆ ಓದುಗರು ಪಾಲಿಸುತ್ತಾರೆ. ಬರೀ 'ಸಂಜೆ ಹೊಡೆಯಿರಿ' ಎಂದರೆ ಮಧ್ಯಾಹ್ನವೇ ಹೊಡೆದು ನಮಗೆ ಬೈಯುತ್ತಾರೆ.

ಜಲ್ಲಿಯ ಲೇಖನ ಆದ ಮೇಲೆ ನಾನು ಕೈಗೆತ್ತಿಕೊಂಡದ್ದು ಮೊಟ್ಟೆ ಚಿಪ್ಪಿನ ಪ್ರಯೋಗ. ಟೊಮೆಟೊ ಕಾಯಿಯ ತುದಿ ಕಪ್ಪಾಗಿ ಗುಳಿ ಬಿದ್ದರೆ ಕ್ಯಾಲ್ಸಿಯಂ ಕೊರತೆ, ಚಿಪ್ಪು ಹಾಕಿ ಎನ್ನುತ್ತಾರೆ. ಕೊರತೆ ನಿಜ, ಆದರೆ ಹೆಚ್ಚಿನ ಸಲ ಮಣ್ಣಿನಲ್ಲಿ ಕ್ಯಾಲ್ಸಿಯಂ ಇದ್ದೇ ಇರುತ್ತದೆ, ನೀರು ಒಂದು ದಿನ ಜಾಸ್ತಿ ಒಂದು ದಿನ ಇಲ್ಲ ಎಂದಾದಾಗ ಅದು ಕಾಯಿಯ ತುದಿಗೆ ತಲುಪುವುದಿಲ್ಲ. ಕೆಲವು ಕುಂಡಕ್ಕೆ ಚಿಪ್ಪಿನ ಪುಡಿ ಹಾಕಿ ಮೊದಲಿನಂತೆ ಮನಸ್ಸು ಬಂದಾಗ ನೀರು; ಕೆಲವಕ್ಕೆ ಚಿಪ್ಪಿಲ್ಲ, ದಿನಾ ಒಂದೇ ಹೊತ್ತಿಗೆ ಒಂದೇ ಅಳತೆಯ ನೀರು, ಮೇಲೆ ಒಣ ಎಲೆಯ ಹೊದಿಕೆ. ಚಿಪ್ಪಿನ ಕುಂಡಗಳಲ್ಲಿ ಮೂರರಲ್ಲಿ ಒಂದು ಕಾಯಿ ಕಪ್ಪಾಯಿತು. ನೀರಿನ ಕುಂಡಗಳಲ್ಲಿ ಶುರುವಿನ ಕೆಲವು ಕಾಯಿ ಬಿಟ್ಟರೆ ಉಳಿದವೆಲ್ಲ ಚೆನ್ನಾಗಿ ಬಂದವು. ಹಂಗಾಮಿನ ಕೊನೆಗೆ ಕುಂಡ ಕೊಡವಿ ನೋಡಿದರೆ ಚಿಪ್ಪಿನ ಚೂರು ಹಾಕಿದ ಹಾಗೇ ಮಣ್ಣಿನಲ್ಲಿ ಬೆಳ್ಳಗೆ ಹೊಳೆಯುತ್ತಿದ್ದವು. ಆ ಚೂರುಗಳನ್ನು ಅಂಗೈಯಲ್ಲಿ ಹಿಡಿದು ತೆಗೆದ ಫೋಟೊವೇ ಲೇಖನದ ಮುಖಚಿತ್ರವಾಯಿತು.

ಕಾಫಿ ಚರಟದ ಪ್ರಯೋಗ ಇಷ್ಟು ಚೊಕ್ಕವಾಗಿ ಬರಲಿಲ್ಲ. ಹಸಿ ಚರಟ ದಪ್ಪಗೆ ಹರಡಿದ ಟ್ರೇಯಲ್ಲಿ ಬೀಜ ಸರಿಯಾಗಿ ಮೊಳೆಯಲಿಲ್ಲ, ಮೇಲೆ ಬೂಷ್ಟು ಕಟ್ಟಿ ನೀರು ಇಳಿಯುತ್ತಿರಲಿಲ್ಲ. ಕಾಂಪೋಸ್ಟ್‌ಗೆ ಹಾಕಿ ಕೊಳೆತ ಮೇಲೆ ಬಳಸಿದಾಗ ತೊಂದರೆ ಕಾಣಲಿಲ್ಲ. ಎರಡು ಹಂಗಾಮು ಮಾಡಿಯೂ ಅಂಕಿ ಅತ್ತಿತ್ತ ಆದ್ದರಿಂದ ಲೇಖನ ಮಾಡಲಿಲ್ಲ, ಅಂಕಣದ ಮೂಲೆಯಲ್ಲಿ ನಾಲ್ಕು ಸಾಲು ಬರೆದೆ, ಅಷ್ಟೇ.

ಸಂಪಾದಕರಿಗೆ ಬರೆಯುವ ಪತ್ರ ಹೇಗಿರಬೇಕು ಎಂದು ಎಲ್ಲರೂ ಕೇಳುತ್ತಾರೆ. ನನ್ನದು ಹತ್ತು ಸಾಲು ದಾಟುವುದಿಲ್ಲ. ಸಮಸ್ಯೆ ಏನು, ನಾನು ಏನು ಮಾಡಿ ನೋಡಿದೆ, ಏನು ಕಂಡಿತು, ಯಾವ ತಿಂಗಳ ಸಂಚಿಕೆಗೆ ಒಗ್ಗುತ್ತದೆ, ಫೋಟೊ ಎಷ್ಟಿದೆ. ನನ್ನ ಪರಿಚಯ ಒಂದೇ ಸಾಲು, ಕೊನೆಯಲ್ಲಿ. ಹೊಸಬರು ಮಾಡುವ ಹಾಗೆ 'ಗಿಡಗಳೆಂದರೆ ನನಗೆ ಚಿಕ್ಕಂದಿನಿಂದಲೂ ಪ್ರಾಣ' ಎಂದು ಶುರು ಮಾಡಿದರೆ ಅವರು ಎರಡನೇ ಸಾಲಿಗೆ ಬರುವುದಿಲ್ಲ. ನನ್ನ ಪತ್ರದ ಮೊದಲ ಸಾಲು ಯಾವ ರೀತಿಯದು ಎಂಬುದನ್ನು ಮಾತ್ರ ಕೇಳಬೇಡಿ. ಅದನ್ನು ಕಂಡುಕೊಳ್ಳಲು ನನಗೆ ಎರಡು ವರ್ಷ ಹಿಡಿದಿದೆ, ಅದರಿಂದಲೇ ಹತ್ತರಲ್ಲಿ ಆರು ಪತ್ರಕ್ಕೆ ಉತ್ತರ ಬರುತ್ತಿದೆ. ಮೊದಲು ಹತ್ತರಲ್ಲಿ ಒಂದಕ್ಕೂ ಬರುತ್ತಿರಲಿಲ್ಲ.

ವಿಷಯ ಖಾಲಿಯಾಗುತ್ತದೆ ಎಂಬ ಹೆದರಿಕೆಯೂ ಬೇಡ. ಓದುಗರ ಪತ್ರಗಳಿಗೆಲ್ಲ ಉತ್ತರ ಬರೆಯುತ್ತೇನೆ, ಜಗಳದ ಪತ್ರಕ್ಕೆ ಮೊದಲು. ಜಲ್ಲಿಯ ಲೇಖನಕ್ಕೆ ಬೈದು ಬರೆದ ಒಬ್ಬ ಹಿರಿಯರು, ತಮ್ಮ ಕುಂಡಗಳಲ್ಲಿ ಜಲ್ಲಿ ಇದ್ದೂ ಗಿಡ ಚೆನ್ನಾಗಿದೆ ಎಂದಿದ್ದರು. ಕುಂಡದ ಎತ್ತರ ಕೇಳಿದೆ. ಎರಡೂವರೆ ಅಡಿ! ಅಷ್ಟು ಎತ್ತರದ ಕುಂಡದಲ್ಲಿ ಎರಡು ಬೆರಳಿನ ಒದ್ದೆ ಪಟ್ಟಿ ಲೆಕ್ಕಕ್ಕೇ ಬರುವುದಿಲ್ಲ. ಗಿಡ್ಡ ಕುಂಡದಲ್ಲಿ ಅದೇ ಪಟ್ಟಿ ಅರ್ಧ ಮಣ್ಣನ್ನು ನುಂಗುತ್ತದೆ. ಅವರ ಅನುಮತಿ ತೆಗೆದುಕೊಂಡು ಅದನ್ನೇ ಇನ್ನೊಂದು ಲೇಖನ ಮಾಡಿದೆ: ಗಿಡಕ್ಕಿಂತ ಮೊದಲು ಕುಂಡದ ಎತ್ತರ ನೋಡಿ ಎಂದು. ಹತ್ತು ವರ್ಷ ಬಾಳು ಎಂದಿದ್ದ ನಮ್ಮ ಹಿರಿಯರು ಅದನ್ನು ಓದಿ, "ಇದು ನನಗೂ ಗೊತ್ತಿರಲಿಲ್ಲಮ್ಮ" ಎಂದರು. ಆ ಮಾತು ನನಗೆ ಸಂಭಾವನೆಗಿಂತ ದೊಡ್ಡದು.

ಈಗ ಕೈಯಲ್ಲಿರುವುದು ಕೋಕೋಪೀಟ್, ಅಂದರೆ ಇಟ್ಟಿಗೆಯಂತೆ ಒತ್ತಿ ಮಾರುವ ತೆಂಗಿನ ನಾರಿನ ಪುಡಿ. ತೊಳೆಯದ ಇಟ್ಟಿಗೆಯಲ್ಲಿ ಉಪ್ಪಿನಂಶ ಉಳಿದಿರಬಹುದು, ಸಸಿಗಳ ಎಲೆಯ ಅಂಚು ಸುಟ್ಟಂತಾಗುವುದು ಅದರಿಂದಲೇ ಇರಬೇಕು ಎಂಬುದು ನನ್ನ ಅನುಮಾನ. ಮೂರು ಟ್ರೇ ಇಟ್ಟಿದ್ದೇನೆ: ತೊಳೆಯದ್ದು, ಒಂದು ಸಲ ತೊಳೆದದ್ದು, ನೀರು ತಿಳಿಯಾಗುವವರೆಗೆ ತೊಳೆದದ್ದು. ಮೂರಕ್ಕೂ ಒಂದೇ ಪೊಟ್ಟಣದ ಬೀಜ. ಅದರಲ್ಲಿ ಹತ್ತನ್ನು ಮೊದಲೇ ಒದ್ದೆ ಕಾಗದದಲ್ಲಿ ಮಡಚಿಟ್ಟು ಮೊಳಕೆ ಪರೀಕ್ಷೆ ಮಾಡಿದ್ದೇನೆ, ಬೀಜದ ದೋಷ ಎಂದು ಯಾರೂ ಆಮೇಲೆ ಹೇಳಬಾರದು. ಮೊದಲ ಟ್ರೇಯಲ್ಲಿ ಅಂಚು ಕಂದು ತಿರುಗಲು ಶುರುವಾಗಿದೆ, ಮೂರನೆಯದು ಹಸಿರಾಗಿಯೇ ಇದೆ, ನಡುವಿನದು ಇನ್ನೂ ಯಾವ ಕಡೆಗೂ ವಾಲಿಲ್ಲ. ಮುಂದಿನ ಬಿತ್ತನೆ ಹಂಗಾಮಿನ ಸಂಚಿಕೆಗೆ ಇದನ್ನು ಆಗಲೇ ಒಪ್ಪಿದ್ದಾರೆ, ದರ ಕೂಡ ಬರಹದಲ್ಲಿ ಬಂದಿದೆ. ನಿಮ್ಮಲ್ಲಿ ಯಾರಾದರೂ ಇದೇ ಪ್ರಯೋಗ ಮಾಡಿದ್ದರೆ ಎಷ್ಟು ಸಲ ತೊಳೆದಿರಿ, ಯಾವ ಬೀಜ ಎಂದು ತಿಳಿಸಿ. ಲೇಖನದಲ್ಲಿ ನಿಮ್ಮ ಅಂಕಿಯನ್ನೂ ಸೇರಿಸುತ್ತೇನೆ.